ರೇಡಾರಿಗೆ ಕಾಣದ ವಿಮಾನ, ನಮಗೆ ಕಾಣಬೇಕಾದ ಲೆಕ್ಕ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಯುದ್ಧವಿಮಾನದ ವಿಚಾರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಶಿಕ್ಷಣ, ಸಂಸ್ಕೃತಿ, ನಾಡುನುಡಿಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದು ಇಂತಹ ಸಂಚಿಕೆಗಳ ವಾಡಿಕೆ. ಆದರೆ ಕಳೆದ ವರ್ಷ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ವೃತ್ತಪತ್ರಿಕೆಯ ತುಣುಕನ್ನು ಹಿಡಿದು ಬಂದು, "ಸರ್, ಐದು ವಿಮಾನಕ್ಕ ಹದಿನೈದು ಸಾವಿರ ಕೋಟಿ ಅಂತ್ರೀ. ಅಷ್ಟು ರೊಕ್ಕ ಯಾತಕ್ಕ ಬೇಕ್ರೀ?" ಎಂದು ಕೇಳಿದನು. ಗಂಟೆ ಬಾರಿಸಿದ್ದರಿಂದ ಅವಸರದಲ್ಲಿ ಏನೋ ಒಂದು ಉತ್ತರ ಕೊಟ್ಟು ತರಗತಿಗೆ ನಡೆದೆನು. ಆ ಉತ್ತರ ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ, ನನಗಂತೂ ಆಗಲಿಲ್ಲ. ಅಂದು ಹೇಳಬೇಕಾಗಿದ್ದುದನ್ನು ಈಗ ಹಿರಿಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಇಡುತ್ತಿದ್ದೇನೆ.

ಹುಡುಗ ಹೇಳಿದ ಅಂಕಿ ಸುಳ್ಳಲ್ಲ. 2024ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರದ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯು ಸುಮಾರು 15,000 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆಯಿತ್ತಿತು. 'ಆಮ್ಕಾ' ಎಂದು ಕರೆಯಲಾಗುವ ಈ ಸುಧಾರಿತ ಮಧ್ಯಮ ಯುದ್ಧವಿಮಾನದ ವಿನ್ಯಾಸ ಹಾಗೂ ಐದು ಮಾದರಿ ವಿಮಾನಗಳ ನಿರ್ಮಾಣಕ್ಕಾಗಿ ಮಂಜೂರಾದ ಹಣವದು. ವಿನ್ಯಾಸದ ಹೊಣೆ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯದು. ಎರಡು ಇಂಜಿನ್, ಒಬ್ಬನೇ ಚಾಲಕ, ಸುಮಾರು 25 ಟನ್ ತೂಕ. 2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಇದರ ಪೂರ್ಣಗಾತ್ರದ ಪ್ರತಿಕೃತಿಯನ್ನು ಇಟ್ಟಿದ್ದರು. ಅದೇ ಪ್ರದರ್ಶನಕ್ಕೆ ಅಮೆರಿಕದ ಎಫ್-35 ಮತ್ತು ರಷ್ಯದ ಸು-57 ವಿಮಾನಗಳು ಬಂದು ಹಾರಾಡಿದವು. ಅವು ಹಾರುತ್ತಿದ್ದವು, ನಮ್ಮದು ನಿಂತಿತ್ತು. ಈ ವ್ಯತ್ಯಾಸವನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡು ಮುಂದೆ ಹೋಗುವುದು ಲೇಸು.

'ಸ್ಟೆಲ್ತ್' ಎಂದರೆ ಕಣ್ಣಿಗೆ ಕಾಣದ ವಿಮಾನವೆಂದು ಮಕ್ಕಳು ತಿಳಿದಿರುತ್ತಾರೆ. ಕಣ್ಣಿಗೆ ಅದು ಚೆನ್ನಾಗಿಯೇ ಕಾಣುತ್ತದೆ, ಮರೆಯಾಗಬೇಕಾದುದು ರೇಡಾರಿಗೆ. ರೇಡಾರು ಕಳುಹಿಸಿದ ಅಲೆ ವಿಮಾನಕ್ಕೆ ಬಡಿದು ಬಂದ ದಾರಿಯಲ್ಲೇ ಮರಳಿದರೆ ಶತ್ರುವಿಗೆ ಸುಳಿವು ಸಿಕ್ಕಿತು. ಆದುದರಿಂದ ಅಲೆಯು ಬೇರೆ ದಿಕ್ಕಿಗೆ ಚೆದರುವಂತೆ ರೆಕ್ಕೆ, ಬಾಲ, ಬಾಗಿಲುಗಳ ಅಂಚುಗಳನ್ನೆಲ್ಲ ಒಂದೇ ಓಟದಲ್ಲಿ ಕೂಡಿಸುತ್ತಾರೆ. ಇಂಜಿನ್ನಿನ ಮುಂದಿನ ತಿರುಗು ಫಲಕಗಳು ಅಲೆಗೆ ಸಿಗದಂತೆ ಗಾಳಿಯ ಕೊಳವೆಯನ್ನು ಹಾವಿನಂತೆ ಬಳುಕಿಸುತ್ತಾರೆ. ಕ್ಷಿಪಣಿಗಳನ್ನು ರೆಕ್ಕೆಯ ಕೆಳಗೆ ತೂಗುಹಾಕದೆ ಹೊಟ್ಟೆಯೊಳಗೆ ಅಡಗಿಸುತ್ತಾರೆ. ಆಮ್ಕಾ ಹೀಗೆ ಒಳಗೆ 1,500 ಕಿಲೋಗ್ರಾಂ ಆಯುಧ ಒಯ್ಯಬಲ್ಲುದು. ಇವೆಲ್ಲದರ ಮೇಲೆ ಅಲೆಯನ್ನು ಹೀರಿಕೊಳ್ಳುವ ಲೇಪನ. ಮೈಮೇಲಿನ ಒಂದು ಬಿರುಕು, ಸಡಿಲಾದ ಒಂದು ಮುಚ್ಚಳ ಸಾಕು, ಉಳಿದ ಶ್ರಮ ವ್ಯರ್ಥ. ಶಿರವಾಳದ ಹಳೆಯ ಕಲ್ಲುಗುಡಿಗಳ ಗೋಡೆಯ ಮುಂದೆ ನಿಂತು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಸಂದನ್ನು ಬೆರಳಿನಿಂದ ಸವರಿ ನೋಡಿದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂದು ಕೂಡಿಸುವ ಕೈ ಒಂದು ದಿನದಲ್ಲಿ ಪಳಗುವುದಿಲ್ಲ.

ಬೆಂಗಳೂರಿನ ಕೈ ಪಳಗಲು ಎಂಟು ದಶಕಗಳಿಗೂ ಮಿಕ್ಕಿ ಕಾಲ ಹಿಡಿದಿದೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದು 'ಮಾರುತ್' ಯುದ್ಧವಿಮಾನದ ವಿನ್ಯಾಸಕ್ಕೆ ಕೈಹಾಕಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಮಾರುತಿನ ಮೈಕಟ್ಟು ಸೊಗಸಾಗಿತ್ತು. ಅದಕ್ಕೆ ತಕ್ಕ ಇಂಜಿನ್ ಮಾತ್ರ ದೊರೆಯಲಿಲ್ಲ. ಬಯಸಿದ ಶಕ್ತಿಯುತ ಇಂಜಿನ್ನಿಗೆ ಬ್ರಿಟನ್ನಿನಲ್ಲಿ ಹಣ ಒದಗದೆ, ಹಗುರ ವಿಮಾನದ ಇಂಜಿನ್ನುಗಳನ್ನೇ ಜೋಡಿಸಿ ಕೆಲಸ ಸಾಗಿಸಬೇಕಾಯಿತು. ಶಬ್ದದ ವೇಗದ ಎರಡು ಪಟ್ಟು ಹಾರಬೇಕೆಂದು ಹುಟ್ಟಿದ ವಿಮಾನ ಶಬ್ದದ ವೇಗವನ್ನು ದಾಟಲೂ ತಿಣುಕಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಸೇವೆ ಸಲ್ಲಿಸಿತೆಂಬುದು ನಿಜ. ಆದರೂ 147 ವಿಮಾನಗಳಿಗೆ ಆ ಕಥೆ ಮುಗಿಯಿತು. ಸುರಂಜನ್ ದಾಸರು 1970ರಲ್ಲಿ ಅದೇ ವಿಮಾನದ ಪರೀಕ್ಷಾ ಹಾರಾಟದಲ್ಲಿ ಪ್ರಾಣ ಬಿಟ್ಟರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ಅಲ್ಲಿ ಓಡಾಡುವ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತೋ ತಿಳಿಯದು.

ಅನಂತರದ್ದು ತೇಜಸ್ಸಿನ ಕಥೆ. 1983ರಲ್ಲಿ 560 ಕೋಟಿ ರೂಪಾಯಿಗಳ ಮಂಜೂರಾತಿಯೊಂದಿಗೆ ಆರಂಭವಾದ ಆ ಯೋಜನೆಯ ಮೊದಲ ವಿಮಾನ 2001ರ ಜನವರಿ 4ರಂದು ಆಕಾಶಕ್ಕೇರಿತು. ವಾಯುಪಡೆಯ ದಳವೊಂದು ಅದನ್ನು ಪಡೆದದ್ದು 2016ರಲ್ಲಿ. ನಡುವೆ 1998ರ ಅಣುಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿತು. ಅಲ್ಲಿ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ದುಡಿಯುತ್ತಿದ್ದ ನಮ್ಮ ಇಂಜಿನಿಯರುಗಳು ಮನೆಗೆ ಮರಳಬೇಕಾಯಿತು. ಮರಳಿದವರು ಕೈಕಟ್ಟಿ ಕೂಡಲಿಲ್ಲ. ಆ ಕೆಲಸವನ್ನು ಇಲ್ಲಿಯೇ ಮುಗಿಸಿದರು. ತೇಜಸ್ಸಿನ ವಿಳಂಬವನ್ನು ಹಳಿಯುವವರು ಈ ಸಂಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆದರೆ ವಿಳಂಬವನ್ನು ಸಮರ್ಥಿಸುವವರೂ ಒಂದು ಮಾತು ಮರೆಯಬಾರದು. ತೇಜಸ್ಸಿಗಾಗಿ 1989ರಲ್ಲಿ ಮಂಜೂರಾದ ಸ್ವದೇಶೀ 'ಕಾವೇರಿ' ಇಂಜಿನ್ 2008ರ ಹೊತ್ತಿಗೆ ಆ ವಿಮಾನದಿಂದ ಬೇರೆಯಾಯಿತು. ಅಂದಿನಿಂದ ಇಂದಿನವರೆಗೆ ತೇಜಸ್ಸು ಹಾರುವುದು ಅಮೆರಿಕದ ಇಂಜಿನ್ನಿನಿಂದ. 2021ರಲ್ಲಿ ಒಪ್ಪಂದವಾದ ಸುಧಾರಿತ ತೇಜಸ್ ವಿಮಾನಗಳಲ್ಲಿ ಮೊದಲನೆಯದು 2024ರ ಮಾರ್ಚ್‌ನಲ್ಲಿ ಬರಬೇಕಾಗಿತ್ತು. 2025 ಮುಗಿದರೂ ವಾಯುಪಡೆಯ ಕೈ ಸೇರಲಿಲ್ಲ. ಇಂಜಿನ್ನುಗಳು ಕಾಲಕ್ಕೆ ಸರಿಯಾಗಿ ಬಾರದಿದ್ದುದು ಅದಕ್ಕೊಂದು ಮುಖ್ಯ ಕಾರಣ.

ಆಮ್ಕಾಕ್ಕೂ ಇದೇ ಗಂಟು ಬಿದ್ದಿದೆ. ಮೊದಲ ಶ್ರೇಣಿಯ ವಿಮಾನಕ್ಕೆ ಅಮೆರಿಕದ ಎಫ್-414 ಇಂಜಿನ್. ಎರಡನೆಯ ಶ್ರೇಣಿಗೆ ಇದಕ್ಕಿಂತ ಬಲವಾದ, 120 ಕಿಲೋನ್ಯೂಟನ್ ವರ್ಗದ ಇಂಜಿನ್ನನ್ನು ವಿದೇಶೀ ಸಂಸ್ಥೆಯೊಂದಿಗೆ ಸೇರಿ ಭಾರತದಲ್ಲೇ ರೂಪಿಸುವ ಉದ್ದೇಶ. ಫ್ರಾನ್ಸಿನ ಸಾಫ್ರಾನ್ ಸಂಸ್ಥೆಯ ಜೊತೆ ಮುಂದುವರಿಯುವುದಾಗಿ ರಕ್ಷಣಾ ಸಚಿವರು 2025ರ ಆಗಸ್ಟಿನಲ್ಲಿ ತಿಳಿಸಿದರು. ನನ್ನ ಅಭಿಪ್ರಾಯದಲ್ಲಿ ಇಡೀ ಯೋಜನೆಯ ಜೀವ ಇರುವುದು ಈ ಎರಡನೆಯ ಶ್ರೇಣಿಯಲ್ಲಿ. ಇಂಜಿನ್ನಿನ ಒಳಗಿನ ಅನಿಲದ ಶಾಖ, ಅದರಲ್ಲಿ ತಿರುಗುವ ಫಲಕದ ಲೋಹ ಕರಗುವ ಶಾಖಕ್ಕಿಂತಲೂ ಹೆಚ್ಚು. ಫಲಕ ಕರಗದೆ ನಿಲ್ಲಬೇಕಾದರೆ ಇಡೀ ಫಲಕವನ್ನು ಒಂದೇ ಹರಳಾಗಿ ಎರಕ ಹೊಯ್ದು, ಒಳಗೆ ಕೂದಲೆಳೆಯಂತಹ ಗಾಳಿದಾರಿಗಳನ್ನು ಬಿಡಬೇಕು. ಈ ವಿದ್ಯೆ ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಬಲ್ಲವರು ಸುಲಭಕ್ಕೆ ಹೇಳಿಕೊಡುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯವು ಹೆಲಿಕಾಪ್ಟರ್ ಇಂಜಿನ್ನಿಗಾಗಿ ಇಂತಹ ಫಲಕಗಳನ್ನು 2021ರಲ್ಲಿ ತಯಾರಿಸಿಕೊಟ್ಟಿತು. ಹೈದರಾಬಾದು ನಮಗೆ ಬೆಂಗಳೂರಿಗಿಂತ ಹತ್ತಿರದ ಊರು. ಆದರೂ ಈ ಸುದ್ದಿ ನಮ್ಮ ಭಾಗದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ಇನ್ನು ಹುಡುಗನ ಪ್ರಶ್ನೆ. 15,000 ಕೋಟಿಯನ್ನು ಐದರಿಂದ ಭಾಗಿಸಿ ವಿಮಾನವೊಂದಕ್ಕೆ ಮೂರು ಸಾವಿರ ಕೋಟಿ ಎಂದರೆ ತಪ್ಪಾಗುತ್ತದೆ. ಅದು ಕಲಿಕೆಯ ಬೆಲೆ, ವಿಮಾನದ ಬೆಲೆಯಲ್ಲ. 2016ರಲ್ಲಿ ಫ್ರಾನ್ಸಿನಿಂದ 36 ರಫೇಲ್ ವಿಮಾನಗಳನ್ನು ಕೊಳ್ಳಲು ಸುಮಾರು 59,000 ಕೋಟಿ ರೂಪಾಯಿ ಒಪ್ಪಿಕೊಂಡೆವು. ವಿಮಾನಗಳು ಬಂದವು, ಅವನ್ನು ಕಟ್ಟುವ ವಿದ್ಯೆ ಅಲ್ಲಿಯೇ ಉಳಿಯಿತು. ಅದರ ನಾಲ್ಕನೆಯ ಒಂದು ಪಾಲಿನಲ್ಲಿ ವಿದ್ಯೆ ದೊರೆಯುವುದಾದರೆ ಅದು ದುಬಾರಿಯಲ್ಲ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ 97 ತೇಜಸ್ ವಿಮಾನಗಳಿಗೆ 62,370 ಕೋಟಿಯ ಒಪ್ಪಂದವಾಯಿತು. ಸಲಕರಣೆಗಳೆಲ್ಲ ಸೇರಿ ಒಂದಕ್ಕೆ ಸುಮಾರು 640 ಕೋಟಿ. ಎರಡು ಇಂಜಿನ್ನಿನ, ಸೂಕ್ಷ್ಮ ಲೇಪನದ ಆಮ್ಕಾ ಇದಕ್ಕಿಂತ ಅಗ್ಗವಾಗಲು ಸಾಧ್ಯವೇ ಇಲ್ಲ. ಕೊಂಡ ಮೇಲೂ ಖರ್ಚು ನಿಲ್ಲದು. ಅಮೆರಿಕದ ಎಫ್-35 ವಿಮಾನಗಳ ಜೀವಮಾನದ ವೆಚ್ಚ 2 ಲಕ್ಷ ಕೋಟಿ ಡಾಲರುಗಳನ್ನು ಮೀರುವುದೆಂದು ಅಲ್ಲಿನ ಲೆಕ್ಕಪರಿಶೋಧಕರೇ ಅಂದಾಜು ಮಾಡಿದ್ದಾರೆ. ಅದರ ಬಹುಭಾಗ ನಿರ್ವಹಣೆಯದು. ಸುಧಾರಿತ ಗಣಕ ವ್ಯವಸ್ಥೆ ಸಿದ್ಧವಾಗದೆ 2023ರ ಜುಲೈಯಿಂದ ಒಂದು ವರ್ಷ ಆ ಹೊಸ ವಿಮಾನಗಳನ್ನು ಸ್ವೀಕರಿಸುವುದನ್ನೇ ಅಲ್ಲಿ ನಿಲ್ಲಿಸಿದ್ದರು. ಅಷ್ಟು ಸಿರಿವಂತ ದೇಶದ ಪಾಡೇ ಹೀಗಿರುವಾಗ, ನಮ್ಮ ಸರ್ಕಾರ ನಿರ್ವಹಣೆಯ ಅಂದಾಜನ್ನು ಸಂಸತ್ತಿನ ಮುಂದೆ ಮೊದಲೇ ಇಡುವುದು ಒಳ್ಳೆಯದು.

ವಿಳಂಬವಾದರೆ ವೆಚ್ಚ ಏನಾಗುತ್ತದೆಂಬುದನ್ನು ಕೃಷ್ಣಾ ಕಣಿವೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ಯೋಜನೆಯ ನಾರಾಯಣಪುರ ಅಣೆಕಟ್ಟು ಮುಗಿದುದು 1982ರಲ್ಲಿ. ನೀರು ಬರುವ ಮುಂಚೆ ಕಣ್ಣು ಮುಚ್ಚಿದ ರೈತರೆಷ್ಟೋ ಮಂದಿ. ಆಮ್ಕಾದ ಮೊದಲ ಹಾರಾಟ 2028-29ರ ಹೊತ್ತಿಗೆ, ವಾಯುಪಡೆಗೆ ಸೇರ್ಪಡೆ 2034-35ರ ಹೊತ್ತಿಗೆ ಎಂದು ಹೇಳಲಾಗಿದೆ. ನೆರೆಯ ಚೀನಾದ ಜೆ-20 ವಿಮಾನ 2011ರಲ್ಲಿ ಹಾರಿ 2017ರಲ್ಲೇ ಸೇವೆಗೆ ಸೇರಿತು. ನಮ್ಮ ವಾಯುಪಡೆಗೆ ಮಂಜೂರಾದ ದಳಗಳು 42. 2025ರ ಸೆಪ್ಟೆಂಬರಿನಲ್ಲಿ ಮಿಗ್-21 ನಿವೃತ್ತವಾದ ಮೇಲೆ ಉಳಿದವು 29. ಆದುದರಿಂದ ಮೊದಲ ಶ್ರೇಣಿಯಲ್ಲೇ ಸಕಲ ಸೌಲಭ್ಯಗಳನ್ನೂ ತುಂಬಬೇಕೆಂದು ಹಟ ಹಿಡಿಯದೆ, ಸಿದ್ಧವಾದುದನ್ನು ಮೊದಲು ಹಾರಿಸಿ ಉಳಿದುದನ್ನು ಎರಡನೆಯ ಶ್ರೇಣಿಗೆ ಬಿಡುವ ಕ್ರಮವೇ ವಿವೇಕದ್ದು. ತಯಾರಿಕೆಯನ್ನು ಖಾಸಗಿ ಸಂಸ್ಥೆಗಳ ಸ್ಪರ್ಧೆಗೂ ತೆರೆದ 2025ರ ಮೇ ತಿಂಗಳ ನಿರ್ಧಾರವನ್ನು ನಾನು ಸ್ವಾಗತಿಸುತ್ತೇನೆ, ಒಂದು ಅಳುಕಿನೊಂದಿಗೆ. ಕಾರ್ಖಾನೆಯ ನೆಲದಲ್ಲಿ ನಲವತ್ತು ವರ್ಷ ದುಡಿದವರ ಕೈಯ ಅನುಭವವನ್ನು ಕರಾರುಪತ್ರದಲ್ಲಿ ಬರೆದು ವರ್ಗಾಯಿಸಲಾಗದು.

ಹಾಗಾದರೆ ಇದರಲ್ಲಿ ನಮ್ಮ ಪಾಲೇನು? ಬೀದರಿನ ವಾಯುನೆಲೆಯಲ್ಲಿ ದೇಶದ ಯುದ್ಧವಿಮಾನ ಚಾಲಕರು ತರಬೇತಿ ಪಡೆಯುತ್ತಾರೆ. ನಮ್ಮದೇ ಸೀಮೆಯ ಆಕಾಶ. ಅಲ್ಲಿ ಹಾರುವವರಲ್ಲಿ ನಮ್ಮ ತಾಲ್ಲೂಕಿನವರನ್ನು ಹುಡುಕಬೇಕಾಗುತ್ತದೆ. 371ಜೆ ವಿಧಿಯ ಮೀಸಲಾತಿ ರಾಜ್ಯದ ಹುದ್ದೆಗಳಿಗೂ ಇಲ್ಲಿನ ಕಾಲೇಜುಗಳ ಸೀಟುಗಳಿಗೂ ನೆರವಾಯಿತು. ಕೇಂದ್ರದ ಪ್ರಯೋಗಾಲಯಗಳ ಬಾಗಿಲಿಗೆ ಅದು ಅನ್ವಯಿಸದು. ಅಲ್ಲಿ ಕೇಳುವುದು ಗಣಿತ, ಭೌತಶಾಸ್ತ್ರ ಮತ್ತು ಅಳತೆಯಲ್ಲಿ ಪಳಗಿದ ಕೈ. ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ವರ್ನಿಯರ್ ಕ್ಯಾಲಿಪರಿನ ಚಿತ್ರ ಬಿಡಿಸಿ ಅಂಕ ಪಡೆದ ಮಕ್ಕಳು ಸಾಕಷ್ಟಿದ್ದಾರೆ. ಅದನ್ನು ಹಿಡಿದು ಅಳೆದವರು ಕಡಿಮೆ. ಉಪಕರಣ ಒಡೆದೀತೆಂದು ಬೀರುವಿಗೆ ಬೀಗ ಹಾಕುವ ನಮ್ಮ ಶಿಕ್ಷಕ ಸಮುದಾಯದ ತಪ್ಪೂ ಇದರಲ್ಲಿದೆ. ನಾನೂ ಹಾಕಿದವನೇ.

ದಾನಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಕಮಾನು, ವೇದಿಕೆ, ನಾಮಫಲಕಗಳಿಗೆ ಈ ಸಂಸ್ಥೆ ನಿಮ್ಮಿಂದ ಧಾರಾಳವಾಗಿ ಪಡೆದಿದೆ. ಈ ಸಲ ಒಂದು ಕಾರ್ಯಾಗಾರ ಕೊಡಿರಿ: ಒಂದು ಚಿಕ್ಕ ಲೇತ್ ಯಂತ್ರ, ಒಂದು ಕೊರೆಯುವ ಯಂತ್ರ, ಹಿಡಿಕಟ್ಟು ಇರುವ ನಾಲ್ಕು ಮೇಜು, ಇಪ್ಪತ್ತು ಕ್ಯಾಲಿಪರು, ಇಪ್ಪತ್ತು ಸ್ಕ್ರೂಗೇಜು. ಒಡೆದರೆ ರಿಪೇರಿಗೆಂದು ಒಂದು ಸಣ್ಣ ಇಡಗಂಟು. ಬೀಗದ ಕೈ ವಿದ್ಯಾರ್ಥಿಗಳ ಬಳಿಯೇ ಇರಲಿ. ಪಟ್ಟಿಯನ್ನು ಬೆಲೆಸಹಿತ ಬರೆದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇರಿಸಿದ್ದೇನೆ; ಆಸಕ್ತರು ಶಾಲೆಯ ವೇಳೆಯಲ್ಲಿ ಬಂದು ನೋಡಬಹುದು. ಪ್ರಶ್ನೆ ಕೇಳಿದ ಹುಡುಗ ಈಗ ಪದವಿಪೂರ್ವ ವಿಜ್ಞಾನ ಓದುತ್ತಿದ್ದಾನೆ. ಆಮ್ಕಾ ವಾಯುಪಡೆಗೆ ಸೇರುವುದೆಂದು ಹೇಳಿರುವ 2035ರಲ್ಲಿ ಅವನಿಗೆ ಇಪ್ಪತ್ತೈದು ಇಪ್ಪತ್ತಾರರ ಪ್ರಾಯ.