ಗ್ವಾರಾನಿಗಳ ಮಾತು ಪಾದ್ರಿಯ ಬಾಯಲ್ಲೇ ಯಾಕೆ?



1986ರಲ್ಲಿ ಬಂದ ‘ದಿ ಮಿಷನ್’ ಸಿನಿಮಾವನ್ನು ನಾವೂ ನೋಡಿದ್ದೇವೆ. ಜಲಪಾತ ಚೆಂದ, ಸಂಗೀತ ಚೆಂದ. ಕೊನೆಗೆ ನಮ್ಮ ಕಣ್ಣೂ ಒದ್ದೆಯಾದವು. ಆದರೆ ಸಿಟ್ಟು ಆರಲಿಲ್ಲ.

1750ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೊರೆಗಳು ಮ್ಯಾಡ್ರಿಡ್ ಒಪ್ಪಂದ ಮಾಡಿಕೊಂಡು ದಕ್ಷಿಣ ಅಮೆರಿಕಾದ ನೆಲ ಹಂಚಿಕೊಂಡರು. ಉರುಗ್ವೆ ನದಿಯ ಪೂರ್ವದ ಏಳು ಊರಿನ ಗ್ವಾರಾನಿಗಳು ಜಾಗ ಖಾಲಿ ಮಾಡಬೇಕೆಂದು ಹುಕುಂ ಆಯಿತು. ಯಾರ ನೆಲ, ಯಾರು ಹಂಚೋದು?

ಸಿನಿಮಾದಲ್ಲಿ ಗ್ವಾರಾನಿ ಮುಖಂಡನ ಮಾತೂ ಪಾದ್ರಿಯ ಬಾಯಿಂದಲೇ ಬರಬೇಕು. ಹೀರೋಗಳು ಇಬ್ಬರು ಬಿಳಿಯರು. ಗ್ವಾರಾನಿಗಳು ಗುಂಪಾಗಿ ಸಾಯೋರು.

ಚರಿತ್ರೆ ಹೇಳೋದೇ ಬೇರೆ. ಜೆಸ್ಯೂಟ್ ಮೇಲಧಿಕಾರಿಗಳೇ ‘ಊರು ಬಿಡಿ’ ಅಂದಾಗ, ಬಿಡೋದಿಲ್ಲ ಅಂದವರು ಗ್ವಾರಾನಿಗಳು. 1753ರಲ್ಲಿ ತಮ್ಮದೇ ನುಡಿಯಲ್ಲಿ ಗವರ್ನರನಿಗೆ ಕಾಗದ ಬರೆದರು. ಅವರ ನಾಯಕ ಸೆಪೆ ತಿಯಾರಾಜು 1756ರ ಫೆಬ್ರವರಿ 7ರಂದು ಹೋರಾಡುತ್ತ ಸತ್ತ. ಮೂರು ದಿನದ ಮೇಲೆ ಕೈಬೊಯಾತೆಯಲ್ಲಿ ಎರಡೂ ದೊರೆಗಳ ಪಡೆ ಸೇರಿ ಸಾವಿರಕ್ಕೂ ಹೆಚ್ಚು ಗ್ವಾರಾನಿಗಳನ್ನು ಕೊಂದಿತು.

ಸಿನಿಮಾದಲ್ಲಿ ಆ ಕಾಗದ ಎಲ್ಲಿ? ಸೆಪೆ ಎಲ್ಲಿ?

ಪಾದ್ರಿಗಳು ಗುಲಾಮರ ಬೇಟೆಗಾರರಿಂದ ಅವರನ್ನು ಕಾಪಾಡಿದ್ದುಂಟು, ಒಪ್ಪುತ್ತೇವೆ. ಕಾಪಾಡಿದವರ ಹೆಸರು ಉಳಿಯಲಿ, ಬೇಡ ಅನ್ನೋದಿಲ್ಲ. ಹೋರಾಡಿದವರ ಹೆಸರು ಯಾಕೆ ಅಳಿಸುತ್ತೀರಿ? ಕೇರಿಯಲ್ಲಿ ಹುಟ್ಟಿದ ನಮಗೆ ಈ ಆಟ ಗೊತ್ತು. ಏಟು ನಮಗೆ, ಕತೆ ಉದ್ಧಾರಕನಿಗೆ!

ನಮಗಾಗಿ ಅಳುವವರು ಬೇಕಿಲ್ಲ. ನಾವು ಬರೆದ ಕಾಗದ ಓದುವವರು ಬೇಕು.