ಡೀಸೆಲ್ ಮರದಲ್ಲಿದೆ, ಆಯೋರ್ಯಾರು?

ಹಾಸನದ ಸುತ್ತ ಹೊಂಗೆ ಮರ ಇಲ್ಲದ ಊರುಂಟೇ? ಬಸ್ಸಿಗೆ ಕಾಯುವವನಿಗೆ ನೆರಳು, ಗದ್ದೆಗೆ ಸೊಪ್ಪು, ಅಜ್ಜಿಯ ಕಾಲದಲ್ಲಿ ದೀಪಕ್ಕೆ ಎಣ್ಣೆ. ಅದೇ ಎಣ್ಣೆಯಲ್ಲಿ ಬಸ್ಸೂ ಓಡುತ್ತೆ ಅಂದರೆ ಹಿಂದೆ ಜನ ನಗುತ್ತಿದ್ದರು. ಈಗ ನಗುವಂತಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲೇ ಹಾಸನದ ಪಕ್ಕದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆದು ಇದನ್ನೇ ಹೇಳಿಕೊಡಲು ಹೊರಟಿತು.

ವಿದ್ಯೆ ದೊಡ್ಡದಲ್ಲ. ಎಣ್ಣೆಗೆ ಮೆಥನಾಲ್, ಚೂರು ಕಾಸ್ಟಿಕ್ ಸೋಡಾ ಹಾಕಿ ಸುಮಾರು 60 ಡಿಗ್ರಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿಯುತ್ತೆ, ಮೇಲೆ ನಿಲ್ಲೋದು ಬಯೋಡೀಸೆಲ್. ನಾಲ್ಕು ಕಿಲೋ ಬೀಜಕ್ಕೆ ಹೆಚ್ಚುಕಮ್ಮಿ ಒಂದು ಕಿಲೋ ಎಣ್ಣೆ; ಉಳಿದ ಹಿಂಡಿ ತೋಟಕ್ಕೆ ಗೊಬ್ಬರ. ಆದರೆ ಬೀಜ ಮುಗ್ಗಿದ್ದರೆ ಎಣ್ಣೆಯಲ್ಲಿ ಆಮ್ಲ ಏರುತ್ತೆ. ಹಾಗೇ ಕಾಸ್ಟಿಕ್ ಬೆರೆಸಿದರೆ ಡೀಸೆಲ್ ಬದಲು ಸಾಬೂನು!

ಸರ್ಕಾರದ ಲೆಕ್ಕ ಕೇಳಿ. 2009ರ ಕೇಂದ್ರ ನೀತಿ 2017ಕ್ಕೆ ಶೇಕಡಾ 20 ಬೆರಕೆ ಅಂದಿತು. ಆಗಲಿಲ್ಲ. 2018ರ ನೀತಿ ಬಯೋಡೀಸೆಲ್ ಗುರಿಯನ್ನು 2030ಕ್ಕೆ ಶೇಕಡಾ 5 ಅಂತ ಇಳಿಸಿತು. ನಡುವೆ ಜಟ್ರೋಫಾ ಜಾತ್ರೆ ಬೇರೆ. ಬರಡು ನೆಲದಲ್ಲಿ ಗಿಡವೇನೋ ಬದುಕಿತು, ಹೇಳಿದಷ್ಟು ಕಾಯಿ ಬಿಡಲಿಲ್ಲ. ನಂಬಿ ನೆಟ್ಟ ರೈತ ಕೈ ಸುಟ್ಟುಕೊಂಡ. ಹೊಂಗೆಗೆ ಹೊಸದಾಗಿ ನೆಲ ಕೇಳಬೇಕಿಲ್ಲ, ಬದುವಿನ ಮೇಲೆ ನಿಂತೇ ಇದೆ.

ಇನ್ನೊಂದು ಕಚ್ಚಾಮಾಲು ಪೇಟೆಯಲ್ಲೇ ಇದೆ: ಬಜ್ಜಿ ಕರಿದ ಎಣ್ಣೆ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಎಣ್ಣೆ ಹೊಟ್ಟೆಗೆ ವಿಷ, ಎಂಜಿನ್ನಿಗೆ ಊಟ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಬರೆದಿಟ್ಟು, ಹಳೇದನ್ನು ಅಧಿಕೃತ ಸಂಗ್ರಹಗಾರರಿಗೇ ಕೊಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಸರಿ, ಎರಡೇ ಲೀಟರಿನ ತಳ್ಳುಗಾಡಿಯವನು ಯಾರಿಗೆ ಕೊಡಬೇಕು? ಅವನ ಬಾಣಲೆಗೆ ಲೆಕ್ಕವೂ ಇಲ್ಲ, ಗಿರಾಕಿಯೂ ಇಲ್ಲ. ಮಿಕ್ಕಿದ್ದು ಒಂದೋ ಚರಂಡಿಗೆ, ಇಲ್ಲಾ ನಾಳೆಯ ಬೋಂಡಕ್ಕೆ.

ಹಳ್ಳಿಯಲ್ಲೂ ಇದೇ ಕತೆ. ಹೆಂಗಸರು ದಿನವೆಲ್ಲ ಕಾಯಿ ಆಯ್ದು, ಒಣಗಿಸಿ, ಬಡಿದು ಬೀಜ ತೆಗೆದರೆ ಸಿಗುವ ಕಾಸು ಕೂಲಿಗೆ ಹೋದರೆ ಬರುವುದಕ್ಕಿಂತ ಕಮ್ಮಿಯಾದರೆ ಯಾರು ಬಗ್ಗುತ್ತಾರೆ? ಹಾಲಿಗೆ ಇದೇ ಜಿಲ್ಲೆ ದಾರಿ ಕಂಡುಕೊಂಡಿತಲ್ಲ! ಊರೂರಿಗೆ ಡೈರಿ, ಅಳತೆ, ಪುಸ್ತಕದಲ್ಲಿ ಬರಹ, ವಾಯಿದೆಗೆ ಬಟವಾಡೆ. ಅದೇ ಕಟ್ಟೆಯಲ್ಲಿ ವಾರಕ್ಕೊಮ್ಮೆ ಬೀಜದ ತಕ್ಕಡಿ ಇಡಬಹುದು. ಪೇಟೆಯಲ್ಲಿ ಎಣ್ಣೆಗೊಂದು ಡ್ರಮ್ಮು ಸಾಕು. ಆದರೆ ದರವನ್ನು ಬೀಜ ಉದುರುವ ಮೊದಲೇ ಬೋರ್ಡಿನ ಮೇಲೆ ಬರೆಯಬೇಕು. ಮುಂಗಾರು ಹಿಡಿದ ಮೇಲೆ ಬಂದ ತಕ್ಕಡಿಗೆ ಸಿಗೋದು ಮುಗ್ಗಲು ಬೀಜವೇ.