ಪಾಪವೂ ಪ್ರಾಯಶ್ಚಿತ್ತವೂ ಒಂದೇ ಪೊಟ್ಟಣದಲ್ಲಿ

ಎರಡು ದಿನದ ನೆಗಡಿಜ್ವರಕ್ಕೆ ವೈದ್ಯರನ್ನು ಕಾಣದೆ ನೇರವಾಗಿ ಔಷಧದಂಗಡಿಗೆ ನಡೆದು ಆಂಟಿಬಯಾಟಿಕ್ ಮಾತ್ರೆಗಳನ್ನು ಕೇಳಿ ಪಡೆಯುವುದು ನಮ್ಮಲ್ಲಿ ಬಹುಕಾಲದಿಂದ ರೂಢಮೂಲವಾದ ಪದ್ಧತಿ. ಇಂಥ ಜ್ವರಗಳು ಬಹುಪಾಲು ವೈರಸ್ಸಿನಿಂದ ಬರತಕ್ಕವು, ವೈರಸ್ಸಿನ ಮುಂದೆ ಈ ಮಾತ್ರೆ ನಿರುಪಯೋಗಿ ಎಂದು ಎಷ್ಟು ಸಲ ಹೇಳಿದರೂ ಅದು ಸಡಿಲಿಲ್ಲ. ಈಚೆಗೆ ಅದಕ್ಕೊಂದು ಅನುಬಂಧವೂ ಸೇರಿಕೊಂಡಿದೆ. ಮಾತ್ರೆಯಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆಂದು ಯಾರೋ ಹೇಳಿದ್ದನ್ನು ಕೇಳಿ, ಜೊತೆಯಲ್ಲಿಯೇ ಪ್ರೊಬಯಾಟಿಕ್ ಕ್ಯಾಪ್ಸೂಲುಗಳನ್ನೂ ಕೊಂಡು, ನಷ್ಟ ಭರ್ತಿಯಾಯಿತೆಂದು ಜನ ನಿಶ್ಚಿಂತರಾಗುತ್ತಾರೆ. ಪಾಪವನ್ನೂ ಪ್ರಾಯಶ್ಚಿತ್ತವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವ ಈ ವ್ಯಾಪಾರದಲ್ಲಿ ನನಗೆ ವಿಶ್ವಾಸವಿಲ್ಲ.

ನಷ್ಟವಾಗುವುದು ಏನೆಂಬುದನ್ನು ಮೊದಲು ನೋಡಬೇಕು. ನಮ್ಮ ಜೀವಕೋಶಗಳ ಹತ್ತು ಪಟ್ಟು ಬ್ಯಾಕ್ಟೀರಿಯಾಗಳು ನಮ್ಮೊಳಗಿವೆಯೆಂಬ ಮಾತು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದಿತ್ತು. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು ಸಂಗಡಿಗರೊಡನೆ ಲೆಕ್ಕವನ್ನು ಹೊಸದಾಗಿ ಹಾಕಿ, ಸಾಧಾರಣ ಮೈಕಟ್ಟಿನ ಪುರುಷನಲ್ಲಿ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು ತೋರಿಸಿದರು. ಉತ್ಪ್ರೇಕ್ಷೆ ಕಳಚಿದ ಮೇಲೂ ಬೆರಗು ಕಡಮೆಯಾಗದು. ಇವುಗಳಲ್ಲಿ ಬಹುಭಾಗ ದೊಡ್ಡ ಕರುಳಿನಲ್ಲಿ ನೆಲೆಸಿ, ನಮಗೆ ಅರಗದ ಸೊಪ್ಪು ಕಾಳುಗಳ ನಾರನ್ನು ಹುದುಗಿಸಿ, ಅದರಿಂದ ಹುಟ್ಟುವ ಬ್ಯುಟಿರೇಟ್ ಎಂಬ ವಸ್ತುವಿನಿಂದ ಕರುಳಿನ ಒಳಪದರವನ್ನು ಪೋಷಿಸುತ್ತವೆ. ತಾಯಿಯ ಹಾಲಿನ ವಿಷಯವಂತೂ ಇನ್ನೂ ವಿಸ್ಮಯಕರ: ಅದರಲ್ಲಿ ಶಿಶುವಿಗೆ ಜೀರ್ಣವೇ ಆಗದ ಸಕ್ಕರೆಗಳು ಹೇರಳವಾಗಿದ್ದು, ಅವು ಅದರ ಕರುಳಿನ ಬಿಫಿಡೊಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಮಗುವಿಗೆ ಉಣಿಸುವ ತಾಯಿ ಮಗುವಿನೊಳಗಿನ ಅತಿಥಿಗಳಿಗೂ ಎಡೆ ಹಾಕಿರುತ್ತಾಳೆ.

ಈ ಅತಿಥಿಗಳಿಗೂ ರೋಗಾಣುಗಳಿಗೂ ಇರುವ ಭೇದವನ್ನು ಆಂಟಿಬಯಾಟಿಕ್ ಅರಿಯದು. ಬೆಳೆ ಕಿತ್ತ ಹೊಲದಲ್ಲಿ ಕಳೆ ಹಬ್ಬುವಂತೆ, ಬರಿದಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹಬ್ಬಿ ಕೆಲವರಲ್ಲಿ ಪ್ರಾಣಾಂತಿಕವಾದ ಭೇದಿಯನ್ನು ಉಂಟುಮಾಡುತ್ತದೆ. ಇದು ಮರುಕಳಿಸಿದ ರೋಗಿಗಳಿಗೆ ನೆದರ್ಲೆಂಡ್ಸಿನ ವೈದ್ಯರು ಆರೋಗ್ಯವಂತರ ಮಲದ ದ್ರಾವಣವನ್ನು (ಓದುಗರು ಮನ್ನಿಸಬೇಕು) ನಳಿಕೆಯಿಂದ ಕರುಳಿಗೆ ಹಾಯಿಸಿದಾಗ 16 ಮಂದಿಯ ಪೈಕಿ 13 ಮಂದಿ ಮೊದಲ ಸಲಕ್ಕೇ ಗುಣಹೊಂದಿದರೆಂದು 2013ರಲ್ಲಿ ಪ್ರಕಟವಾಯಿತು. ವ್ಯಾಂಕೊಮೈಸಿನ್ ಔಷಧವೊಂದನ್ನೇ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು ಮಾತ್ರ.

ಹಾಗಿದ್ದರೆ ಕ್ಯಾಪ್ಸೂಲು ಏಕೆ ಬೇಡ? ಎಲ್ಲೆಡೆಯೂ ಬೇಡವೆಂದು ನಾನು ಹೇಳೆನು. ಒಡಿಶಾದ ಹಳ್ಳಿಗಳ 4,500ಕ್ಕೂ ಹೆಚ್ಚು ನವಜಾತ ಶಿಶುಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆಯ್ದ ಒಂದೇ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಅದರ ಆಹಾರದೊಡನೆ ಏಳು ದಿನ ಕುಡಿಸಿದ ಶಿಶುಗಳ ಪೈಕಿ ರಕ್ತನಂಜಿಗೋ ಮರಣಕ್ಕೋ ಈಡಾದವು ಶೇಕಡ 5.4, ಕುಡಿಸದಿದ್ದವುಗಳಲ್ಲಿ ಶೇಕಡ 9. ಆದರೆ 2018ರಲ್ಲಿ ಅದೇ ವೈಜ್ಮನ್ ಸಂಸ್ಥೆಯವರು 21 ಆರೋಗ್ಯವಂತ ವಯಸ್ಕರಿಗೆ ಆಂಟಿಬಯಾಟಿಕ್ ಕೊಟ್ಟು ನೋಡಲಾಗಿ, ಬಳಿಕ ಪ್ರೊಬಯಾಟಿಕ್ ಸೇವಿಸಿದವರ ಸ್ವಂತ ಬ್ಯಾಕ್ಟೀರಿಯಾಗಳು, ಏನನ್ನೂ ಸೇವಿಸದವರಿಗಿಂತ ತಡವಾಗಿ ಹಿಂದಿರುಗಿದವು. ಈ ಪರೀಕ್ಷೆ ಚಿಕ್ಕದು, ನಿಜ. ಮಾತ್ರೆಯಿಂದಾಗುವ ಭೇದಿಯನ್ನು ಕೆಲವು ತಳಿಗಳು ತಗ್ಗಿಸುತ್ತವೆಂಬುದಕ್ಕೂ ಆಧಾರಗಳಿವೆ. ಆದರೂ ಯಾವ ತಳಿ, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬ ವಿಚಾರವಿಲ್ಲದೆ ಮಾರುವ ಕ್ಯಾಪ್ಸೂಲಿಗೆ ಒಡಿಶಾದ ಕೀರ್ತಿಯಲ್ಲಿ ಪಾಲು ಸಲ್ಲದು.

ಆದುದರಿಂದ ತಡೆಯತಕ್ಕದ್ದು ಮೊದಲ ಮಾತ್ರೆಯನ್ನು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಂತೆ, ಅದರಲ್ಲಿ ಹೆಸರಿಸಿದ ಆಂಟಿಬಯಾಟಿಕ್‌ಗಳನ್ನು ಮಾರುವಾಗ ವೈದ್ಯರ ಹೆಸರನ್ನೂ ರೋಗಿಯ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನೆರೆಯ ಕೇರಳ 2024ರಲ್ಲಿ ಚೀಟಿಯಿಲ್ಲದೆ ಮಾರುವವರ ಮೇಲೆ ಅನಿರೀಕ್ಷಿತ ತಪಾಸಣೆಗಳನ್ನು ನಡೆಸಿತು. ನಮ್ಮ ಔಷಧ ನಿಯಂತ್ರಣ ಇಲಾಖೆಯೂ ಅಂಗಡಿಗಳ ರಿಜಿಸ್ಟರುಗಳನ್ನು ತೆರೆಸಿ ನೋಡಲಿ. ವೈದ್ಯರೇ ಇಲ್ಲದ ಹೋಬಳಿಗಳಲ್ಲಿ ಅಂಗಡಿಯವನೇ ವೈದ್ಯನಾಗಿರುವುದು ಜನರ ತಪ್ಪಲ್ಲ. ಅಲ್ಲಿ ದಂಡ ಹಾಕುವುದಕ್ಕಿಂತ ಮುಂಚೆ ಸರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಹುದ್ದೆಯನ್ನು ತುಂಬಲಿ.